ನಗುವಿನ ಜಾಮೀನು

ಶ್ರಾವಣದ ಅಮಾವಾಸ್ಯೆಗೆ ಬರುವ ಎತ್ತುಗಳ ಹಬ್ಬವಾದ ಪೋಳಾ ಮುಗಿದ ಮರುದಿನ ನಾಗಪುರದ ಹಳೆಯ ಪೇಟೆಯಲ್ಲಿ ಮಾರಬತ್ ಮೆರವಣಿಗೆ ಹೊರಡುತ್ತದೆ. 1881ರಿಂದ ನಡೆದುಬಂದ ಕರಿ ಮಾರಬತ್, 1885ರಿಂದ ನಡೆದುಬಂದ ಹಳದಿ ಮಾರಬತ್ ಎಂಬ ಎರಡು ಬೃಹತ್ ಸ್ತ್ರೀ ಪ್ರತಿಮೆಗಳು ಇಕ್ಕಟ್ಟಾದ ಬೀದಿಗಳಲ್ಲಿ ಸಾಗಿಬಂದು ಒಂದೆಡೆ ಸಂಧಿಸುತ್ತವೆ. ಕರಿ ಮಾರಬತ್ ಆಂಗ್ಲರ ಪಕ್ಷ ಹಿಡಿದ ಭೋಂಸಲೆ ಮನೆತನದ ಬಾಂಕಾಬಾಯಿಯ ಮೇಲಿನ ಜನರ ಸಿಟ್ಟಿನ ರೂಪವೆಂಬುದು ಇಲ್ಲಿಯ ಪ್ರತೀತಿ. ಜೊತೆಯಲ್ಲಿ ‘ಬಡಗ್ಯಾ’ ಎಂಬ ಅಣಕು ಬೊಂಬೆಗಳಿರುತ್ತವೆ: ಬೆಲೆಯೇರಿಕೆ, ಲಂಚ, ರೋಗ, ಆ ವರ್ಷ ಜನರ ಬಾಯಿಗೆ ಬಿದ್ದ ರಾಜಕಾರಣಿ. ಊರಿನ ಪೀಡೆಯನ್ನೆಲ್ಲ ಹೊತ್ತುಕೊಂಡು ಹೋಗೆಂದು ಜನ ಕೂಗುತ್ತಾರೆ. ಸಂಜೆಗೆ ಪ್ರತಿಮೆಗಳು ಸುಟ್ಟು ಬೂದಿಯಾಗುತ್ತವೆ.

ಈ ಹಬ್ಬದ ದೊಡ್ಡ ಗುಣವೆಂದರೆ ಅದು ಒಂದೇ ದಿನದ್ದು. ಬೊಂಬೆ ಸುಟ್ಟರೆ ಪೀಡೆ ತೊಲಗಿತೆಂದು ಯಾರೂ ನಿಜವಾಗಿ ನಂಬುವುದಿಲ್ಲ. ಆದರೆ ನಮ್ಮ ಕೈಯಲ್ಲಿರುವ ಮೊಬೈಲಿನ ಮಾರಬತ್ ವರ್ಷವಿಡೀ ನಡೆಯುತ್ತದೆ, ಮತ್ತು ಅದು ನಂಬಿಸುತ್ತದೆ. ರಾಜಕಾರಣಿಯೊಬ್ಬನಿಗೆ ಸಮನ್ಸ್ ಬಂದ ಗಂಟೆಯೊಳಗೆ ಅವನ ಮುಖ ಕಂಬಿಗಳ ಹಿಂದೆ ಕೂಡುತ್ತದೆ. ಅವನ ಹಳೆಯ ಬಡಾಯಿಯ ಮಾತಿಗೆ ಸಿನಿಮಾ ಹಾಡು ಅಂಟಿಕೊಳ್ಳುತ್ತದೆ. ಎದೆನೋವೆಂದು ಆಸ್ಪತ್ರೆ ಸೇರಿದರೆ ಹಾಸಿಗೆಯ ಚಿತ್ರ ಹರಿದಾಡುತ್ತದೆ. ನಕ್ಕವರಿಗೆಲ್ಲ ಏನನ್ನೋ ಮಾಡಿದ ತೃಪ್ತಿ ದೊರಕುತ್ತದೆ. ನನ್ನ ವಾದ ಇಷ್ಟೇ: ಈ ಅಪಹಾಸ್ಯ ಅವನಿಗೆ ಶಿಕ್ಷೆಯಲ್ಲ. ಅದು ಸಮಾಜ ಅವನಿಗೆ ನೀಡುವ ಷರತ್ತಿಲ್ಲದ ಜಾಮೀನು.

ಕೇಂದ್ರ ಸರ್ಕಾರದ ನೌಕರನಾದ ನಾನು ನಡತೆಯ ನಿಯಮಗಳಿಗೆ ಬದ್ಧ. ಆದುದರಿಂದ ಯಾವ ಪಕ್ಷದ ಪರವಾಗಿಯೂ ವಿರುದ್ಧವಾಗಿಯೂ ಇಲ್ಲಿ ಮಾತಿಲ್ಲ. ಕೆಳಗೆ ಬರುವ ಹೆಸರುಗಳು ಬೇರೆ ಬೇರೆ ಪಕ್ಷಗಳವು. ಸಂಗತಿಗಳೆಲ್ಲ ಸಾರ್ವಜನಿಕ ದಾಖಲೆಯಲ್ಲಿರುವಂಥವು.

ಮೊದಲು ಬಳ್ಳಾರಿ. ಗಾಲಿ ಜನಾರ್ದನ ರೆಡ್ಡಿಯವರ ಹೆಸರೆತ್ತಿದರೆ ಹೊರನಾಡ ಕನ್ನಡಿಗರಿಗೆ ಏನು ನೆನಪಾಗುತ್ತದೆ? ಎರಡು ಕೋಟಿಗೂ ಮೀರಿದ ಬೆಲೆಯದೆಂದು ವರದಿಯಾದ ಚಿನ್ನದ ಕುರ್ಚಿ. 2009ರಲ್ಲಿ ತಿರುಮಲೆಗೆ ಅರ್ಪಿಸಿದ ವಜ್ರಖಚಿತ ಕಿರೀಟ. 2016ರ ನವೆಂಬರಿನಲ್ಲಿ, ನೋಟು ರದ್ದಾಗಿ ದೇಶವೆಲ್ಲ ಬ್ಯಾಂಕಿನ ಮುಂದೆ ಸಾಲುಗಟ್ಟಿದ್ದ ವಾರದಲ್ಲಿ, ಅರಮನೆ ಮೈದಾನದಲ್ಲಿ ನಡೆದ ಮಗಳ ಮದುವೆ. ಅದರ ವಿಡಿಯೊ ತೋರಿಸುವ ಲಗ್ನಪತ್ರಿಕೆ. ಈ ಮೂರರ ಮೇಲೆ ಹುಟ್ಟಿದ ನಗೆಹನಿಗಳಿಗೆ ಲೆಕ್ಕವಿಲ್ಲ. ಇನ್ನು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ವರದಿ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತ್ತು. ಈ ಅಂಕಿ ಎಷ್ಟು ಜನರ ನಾಲಗೆಯ ಮೇಲಿದೆ? ಕುರ್ಚಿಯ ಬೆಲೆ ಬಾಯಿಪಾಠವಾಗಿರುವವರಿಗೆ ಬೆಟ್ಟದ ಬೆಲೆ ಗೊತ್ತಿಲ್ಲ. ಕುರ್ಚಿ ನಗಿಸುತ್ತದೆ, ಬೆಟ್ಟ ನಗಿಸುವುದಿಲ್ಲ.

ನಗೆ ಮುಗಿದ ಮೇಲೆ ನಡೆದುದನ್ನು ನೋಡಿ. ಓಬಳಾಪುರಂ ಗಣಿ ಕಂಪನಿಯ ಮೇಲಿನ ಪ್ರಕರಣ ಸಿಬಿಐ ಕೈಗೆ ಹೋದದ್ದು 2009ರಲ್ಲಿ. ಬಂಧನವಾದದ್ದು 2011ರ ಸೆಪ್ಟೆಂಬರ್ 5ರಂದು. 2012ರಲ್ಲಿ ಜಾಮೀನು ನೀಡಿದ ಹೈದರಾಬಾದಿನ ಸಿಬಿಐ ನ್ಯಾಯಾಧೀಶರೇ ಆ ಆದೇಶಕ್ಕಾಗಿ ಹಣ ಪಡೆದರೆಂಬ ಆರೋಪದ ಮೇಲೆ ಅಮಾನತುಗೊಂಡರು. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಾಮೀನು ನೀಡಿ, ಬಳ್ಳಾರಿಗೆ ಕಾಲಿಡದಂತೆ ಷರತ್ತು ಹಾಕಿತು. ಬಳ್ಳಾರಿಗೆ ಹೋಗಲಾಗದಿದ್ದರೇನು, 2023ರಲ್ಲಿ ಅವರು ಸ್ವಂತ ಪಕ್ಷ ಕಟ್ಟಿಕೊಂಡು ಗಂಗಾವತಿಯಿಂದ ಗೆದ್ದು ವಿಧಾನಸೌಧ ಪ್ರವೇಶಿಸಿದರು. 2025ರ ಮೇ 6ರಂದು ಸಿಬಿಐ ವಿಶೇಷ ನ್ಯಾಯಾಲಯ ಅವರಿಗೆ ಏಳು ವರ್ಷದ ಶಿಕ್ಷೆ ವಿಧಿಸಿತು, ಶಾಸಕತ್ವ ಹೋಯಿತು. ಮರುತಿಂಗಳೇ ತೆಲಂಗಾಣ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಶಾಸಕತ್ವ ಮರಳಿ ಬಂದಿತು. ಹದಿನೈದು ವರ್ಷಗಳ ಈ ಕಥೆಯಲ್ಲಿ ನಮ್ಮ ನಗೆಯ ಪಾತ್ರವೇನು? ಯಾವ ಹಂತದಲ್ಲಿಯೂ ಅದು ಒಂದು ವಾಯಿದೆಯನ್ನು ಹಿಂದಕ್ಕೆ ತರಲಿಲ್ಲ, ಒಂದು ಮತವನ್ನು ಕದಲಿಸಲಿಲ್ಲ. ಲೋಕ ನಕ್ಕದ್ದನ್ನು ಗಂಗಾವತಿಯ ಮತದಾರ ಬಹುಶಃ ಕೇಳಿಸಿಕೊಳ್ಳಲೇ ಇಲ್ಲ. ಕೇಳಿಸಿಕೊಂಡಿದ್ದರೂ ಅವನಿಗೆ ಅದರಲ್ಲಿ ಕೇಳಿಸಿದ್ದು ಪಟ್ಟಣಿಗರ ತಾತ್ಸಾರವೇ ಹೊರತು ಕಳವಾದ ಅದಿರಿನ ಲೆಕ್ಕವಲ್ಲ.

ಅಪಹಾಸ್ಯದ ಎರಡನೆಯ ಕೆಡುಕು ಇದಕ್ಕಿಂತ ಸೂಕ್ಷ್ಮವಾದುದು. ಅದು ರಾಜಕಾರಣಿಯ ಬಡಾಯಿಯ ಅವಳಿ ಸೋದರ. ಎರಡಕ್ಕೂ ಒಬ್ಬನೇ ವೈರಿ: ಕಡತ. ಬಿ.ಎಸ್. ಯಡಿಯೂರಪ್ಪನವರು 2011ರ ಅಕ್ಟೋಬರ್ 15ರಂದು ಸೆರೆಮನೆ ಸೇರಿದ್ದು ಜಮೀನು ಡಿನೋಟಿಫಿಕೇಶನ್ ಪ್ರಕರಣದಲ್ಲಿ. ಅವರು ಮತ್ತು ಅವರ ಮಕ್ಕಳು 2016ರ ಅಕ್ಟೋಬರ್ 26ರಂದು ಸಿಬಿಐ ವಿಶೇಷ ನ್ಯಾಯಾಲಯದಲ್ಲಿ ಖುಲಾಸೆಯಾದದ್ದು ಗಣಿ ಕಂಪನಿಯ ದೇಣಿಗೆಯ ಪ್ರಕರಣದಲ್ಲಿ. ಅಭಿಮಾನಿಗಳು ಎರಡನೆಯದರ ಖುಲಾಸೆಯನ್ನು ಎಲ್ಲದರ ಖುಲಾಸೆಯೆಂದು ಸಾರಿದರು. ಅಣಕಿಸುವವರು ಮೊದಲನೆಯದರ ಸೆರೆವಾಸವನ್ನು ಎಲ್ಲದರ ಅಪರಾಧ ನಿರ್ಣಯವೆಂಬಂತೆ ಇಂದಿಗೂ ಬಳಸುತ್ತಾರೆ. ಯಾವ ಪ್ರಕರಣ, ಯಾವ ನ್ಯಾಯಾಲಯ, ಯಾವ ಆದೇಶ ಎಂಬುದು ಇಬ್ಬರಿಗೂ ಬೇಡ.

ಡಿ.ಕೆ. ಶಿವಕುಮಾರ್ ಅವರ ಪ್ರಸಂಗವೂ ಹೀಗೆಯೇ. ಜಾರಿ ನಿರ್ದೇಶನಾಲಯ ಅವರನ್ನು 2019ರ ಸೆಪ್ಟೆಂಬರ್ 3ರಂದು ಬಂಧಿಸಿತು. ಅಕ್ಟೋಬರ್ 23ರಂದು ದೆಹಲಿ ಹೈಕೋರ್ಟು ಜಾಮೀನು ನೀಡಿತು. ಬೆಂಗಳೂರಿಗೆ ಬಂದಿಳಿದಾಗ ಅವರಿಗೆ ಸೇಬಿನ ಬೃಹತ್ ಹಾರದ ಸ್ವಾಗತ. ಜಾಮೀನು ದಿಗ್ವಿಜಯದಂತೆ ಮೆರೆಯಿತು. ಅಣಕಿಸಿದವರು ಸೇಬನ್ನು ಎಣಿಸಿದರು, ಪ್ರಕರಣವನ್ನು ಓದಲಿಲ್ಲ. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಹಣ ಅಕ್ರಮ ವರ್ಗಾವಣೆಯ ಪ್ರಕರಣವನ್ನೇ ರದ್ದುಗೊಳಿಸಿದಾಗ, ಹಿಂದೆ ನಕ್ಕವರಲ್ಲಿ ಎಷ್ಟು ಜನ ಆ ಸುದ್ದಿಯನ್ನು ಅದೇ ಉತ್ಸಾಹದಿಂದ ಹಂಚಿದರು? ಇತ್ತ, ಆದಾಯಕ್ಕೆ ಮೀರಿದ ಆಸ್ತಿಯ ಕುರಿತ ಸಿಬಿಐ ಪ್ರಕರಣ ಬೇರೆಯೆಂಬುದನ್ನು ಜಯಕಾರ ಹಾಕಿದವರು ಹೇಳಿದರೇ?

ನಮ್ಮ ಭಾಷೆಯಲ್ಲಿ ಇದಕ್ಕೆಲ್ಲ ಸ್ಪಷ್ಟವಾದ ಮಾತುಗಳಿವೆ. ಜಾಮೀನು ಎಂದರೆ ವಿಚಾರಣೆ ಮುಗಿಯುವ ತನಕ ಹೊರಗಿರಲು ಅನುಮತಿ. ಶಿಕ್ಷೆಯ ಅಮಾನತು ಎಂದರೆ ಮೇಲ್ಮನವಿ ತೀರುವ ತನಕ ಶಿಕ್ಷೆಯ ಜಾರಿಗೆ ತಡೆ. ರದ್ದತಿ ಎಂದರೆ ಪ್ರಕರಣವೇ ಕಾನೂನಿನ ಮುಂದೆ ನಿಲ್ಲದು. ಖುಲಾಸೆ ಎಂದರೆ ಆರೋಪ ಸಾಬೀತಾಗಲಿಲ್ಲ. ಈ ನಾಲ್ಕನ್ನೂ ‘ಸತ್ಯಕ್ಕೆ ಸಂದ ಜಯ’ ಎಂಬ ಒಂದೇ ಮೂಟೆಯಲ್ಲಿ ಕಟ್ಟುವುದು ಅಪ್ರಾಮಾಣಿಕ ಬಡಾಯಿ. ನಾಲ್ಕನ್ನೂ ‘ಕಳ್ಳ ತಪ್ಪಿಸಿಕೊಂಡ’ ಎಂಬ ಒಂದೇ ಮೂಟೆಯಲ್ಲಿ ಕಟ್ಟುವುದು ಅಪ್ರಾಮಾಣಿಕ ಅಪಹಾಸ್ಯ. ಮೂಟೆಯ ಬಣ್ಣ ಬೇರೆ, ಗಂಟು ಒಂದೇ.

ಬಡವರಿಗೆ ನಗುವೊಂದೇ ಆಯುಧ, ಅದನ್ನೂ ಕಸಿಯುವಿರಾ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಕಂಡ ನಾಡು ನಗೆಯನ್ನು ಹಗುರವಾಗಿ ಕಾಣಲಾರದು. ಲಂಕೇಶರು 1980ರಲ್ಲಿ ಆರಂಭಿಸಿದ ಪತ್ರಿಕೆ ಅಧಿಕಾರಸ್ಥರಿಗೆ ಇಟ್ಟ ಅಡ್ಡಹೆಸರುಗಳು ಅವರ ನಿದ್ದೆಗೆಡಿಸಿದ್ದೂ ನಿಜ. ಆದರೆ ಅವರ ನಗೆಗೂ ಇಂದಿನ ನಗೆಗೂ ಎರಡು ಅಂತರಗಳಿವೆ. ಹಿರಣ್ಣಯ್ಯನವರು ಅಣಕಿಸಿದ್ದು ಕುರ್ಚಿಯ ಮೇಲಿದ್ದವರನ್ನು. ನಾವು ಅಣಕಿಸುವುದು ಕುರ್ಚಿಯಿಂದ ಬಿದ್ದವನನ್ನು. ಬಿದ್ದವನಿಗೆ ಆಳಿಗೊಂದು ಕಲ್ಲು ಎಸೆಯಲು ಧೈರ್ಯವೇನೂ ಬೇಕಿಲ್ಲ. ಎರಡನೆಯದಾಗಿ, ಆ ನಗೆಯ ಬೆನ್ನಿಗೆ ಸಂಗತಿಗಳಿದ್ದವು. ಲಂಕೇಶರ ಪತ್ರಿಕೆಯಲ್ಲಿ ಅಡ್ಡಹೆಸರಿನ ಪಕ್ಕದಲ್ಲೇ ವರದಿಯಿರುತ್ತಿತ್ತು. ಆಂಗ್ಲ ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಓದುವ ಜೊನಾಥನ್ ಸ್ವಿಫ್ಟನ ‘ಎ ಮಾಡೆಸ್ಟ್ ಪ್ರಪೋಸಲ್’ ಪ್ರಕಟವಾದದ್ದು 1729ರಲ್ಲಿ. ಐರ್ಲೆಂಡಿನ ಬಡವರ ಮಕ್ಕಳನ್ನು ತಿನ್ನುವ ಸಲಹೆ ಕೊಡುವ ಆ ಭಯಂಕರ ವ್ಯಂಗ್ಯದ ಬೆನ್ನೆಲುಬೇ ಅಂಕಿಸಂಖ್ಯೆ: ಇಷ್ಟು ಲಕ್ಷ ಮಕ್ಕಳು, ಸಾಕಲು ಇಷ್ಟು ಖರ್ಚು, ಮಾರಿದರೆ ಇಷ್ಟು ಲಾಭ. ಓದಿದವನು ನಗುತ್ತ ನಗುತ್ತ ಲೆಕ್ಕ ಕಲಿಯುತ್ತಾನೆ. ಲೆಕ್ಕ ತಿಳಿದೊಡನೆ ನಗು ನಿಲ್ಲುತ್ತದೆ. ವ್ಯಂಗ್ಯ ಕೊನೆಗೆ ನಗುವನ್ನು ನಿಲ್ಲಿಸಬೇಕು. ನಗುವನ್ನು ನಿಲ್ಲಿಸದ ವ್ಯಂಗ್ಯ ಬರಿಯ ಕಚಗುಳಿ.

ಬಳ್ಳಾರಿಯ ಲೂಟಿ ಬೆಳಕಿಗೆ ಬಂದದ್ದು ಯಾರಿಂದ? ಗಣಿಗಳ ಒಳಹೊಕ್ಕು ಗಡಿಗುರುತು ಅಳೆದು, ಪರವಾನಗಿಗಳನ್ನು ತಾಳೆ ನೋಡಿದ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರಿಂದ. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರಿಂದ. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅದಿರಿನ ರಾಶಿಗಳನ್ನು ಜಪ್ತಿ ಮಾಡಿದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರಿಂದ. ಜಪ್ತಿಯಾದ ಅದಿರಿನಲ್ಲಿ ಲಕ್ಷಾಂತರ ಟನ್ ಹಡಗು ಹತ್ತಿ ಮಾಯವಾಯಿತು. ಜಪ್ತಿ ಮಾಡಿದ ಅಧಿಕಾರಿಯನ್ನೇ ಅಮಾನತು ಮಾಡುವ ಯತ್ನ ನಡೆಯಿತು. ಅದನ್ನು ಸಹಿಸದೆ ಆ ವರ್ಷದ ಜೂನಿನಲ್ಲಿ ಲೋಕಾಯುಕ್ತರು ರಾಜೀನಾಮೆ ಸಲ್ಲಿಸಿದರು, ಜುಲೈನಲ್ಲಿ ಹಿಂದಕ್ಕೆ ಪಡೆದರು. ಆ ಅದಿರಿನ ಪ್ರಕರಣಗಳಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಅವರಿಗೆ ಶಿಕ್ಷೆಯಾದದ್ದು 2024ರ ಅಕ್ಟೋಬರಿನಲ್ಲಿ. ಮುಂದಿನ ತಿಂಗಳೇ ಹೈಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು. ಅಳೆದವರು, ಎಣಿಸಿದವರು, ಸಹಿ ಹಾಕಿದವರು ಇವರು. ಇವರ ಹೆಸರಿನ ಮೇಲೆ ಒಂದು ನಗೆಹನಿಯೂ ಇಲ್ಲ, ಒಂದು ನೆನಪೂ ಇಲ್ಲ. ಸರ್ಕಾರಿ ಕಚೇರಿಯಲ್ಲಿ ದುಡಿಯುವವನಿಗೆ ಇದು ಸಣ್ಣ ಮಾತಲ್ಲ. ಒಂದು ಸಹಿಗಾಗಿ ಗೋಕುಲ್ ಅವರಂಥವರು ತೆತ್ತ ಬೆಲೆಯನ್ನು ಮರೆತು ಚಿನ್ನದ ಕುರ್ಚಿಯನ್ನು ನೆನಪಿಟ್ಟುಕೊಳ್ಳುವ ಸಮಾಜ, ಮುಂದಿನ ಸಹಿ ಹಾಕಬೇಕಾದ ಕೈಗೆ ಏನನ್ನು ಕಲಿಸುತ್ತಿದೆ?

ಈಗ ನಮ್ಮ ಊರಿಗೆ ಬರೋಣ. ನಾಗಪುರದ ಕನ್ನಡಿಗರು ಸೇರಿದಲ್ಲಿ ಬಳ್ಳಾರಿಯ ಮಾತು, ರಾಮನಗರದ ಮಾತು ಧಾರಾಳವಾಗಿ ಬರುತ್ತದೆ. ಸಾವನೇರಿನ ಮಾತು ಬರುವುದಿಲ್ಲ. ನಾಗಪುರ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ನೂರು ಕೋಟಿಗೂ ಮೀರಿದ ಹಣ 2001–02ರಲ್ಲಿ ಸರ್ಕಾರಿ ಸಾಲಪತ್ರ ಖರೀದಿಯ ಹೆಸರಿನಲ್ಲಿ ಖಾಸಗಿ ದಲ್ಲಾಳಿ ಸಂಸ್ಥೆಗಳ ಪಾಲಾಯಿತು. ಅವುಗಳಲ್ಲೊಂದು ಹೋಮ್ ಟ್ರೇಡ್. ದೇಶದ ಅತಿ ದೊಡ್ಡ ತಾರೆಯರನ್ನು ಜಾಹೀರಾತಿನಲ್ಲಿ ನಿಲ್ಲಿಸಿದ್ದ ಆ ಕಂಪನಿ ಏನು ಮಾರುತ್ತದೆಂಬುದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಬಡಾಯಿಯೇ ಅದರ ಸರಕು. ಆಗ ಬ್ಯಾಂಕಿನ ಅಧ್ಯಕ್ಷರಾಗಿದ್ದ ಸುನೀಲ್ ಕೇದಾರ್ ಅವರಿಗೆ ಐದು ವರ್ಷದ ಶಿಕ್ಷೆಯಾದದ್ದು 2023ರ ಡಿಸೆಂಬರ್ 22ರಂದು, ಅಂದರೆ ಇಪ್ಪತ್ತೊಂದು ವರ್ಷಗಳ ನಂತರ. ಈ ನಡುವೆ ಅವರು ಶಾಸಕರಾದರು, ರಾಜ್ಯದ ಮಂತ್ರಿಯೂ ಆದರು. ತೀರ್ಪಿನೊಂದಿಗೆ ಶಾಸಕತ್ವ ಹೋಯಿತು. 2024ರ ಜನವರಿಯಲ್ಲಿ ಹೈಕೋರ್ಟಿನ ನಾಗಪುರ ಪೀಠ ಜಾಮೀನು ನೀಡಿತು. ಆ ಬ್ಯಾಂಕಿನ ಹಣ ರೈತರದು. ಅವರು ಬೆಳೆದ ಸಂತ್ರೆಯನ್ನೂ ಹತ್ತಿಯನ್ನೂ ನಾವು ಕೊಳ್ಳುತ್ತೇವೆ, ನಮ್ಮ ಹೆಸರು ಇಲ್ಲಿಯ ಮತದಾರರ ಪಟ್ಟಿಯಲ್ಲಿದೆ. ಬಳ್ಳಾರಿಯಲ್ಲಿ ಮತವಿಲ್ಲದ ನಾವು ಬಳ್ಳಾರಿಯನ್ನು ನೋಡಿ ನಗುತ್ತೇವೆ; ಮತವಿರುವ ಊರಿನ ವಿಷಯದಲ್ಲಿ ಅತಿಥಿಗಳಂತೆ ಸುಮ್ಮನಿರುತ್ತೇವೆ. ಹೊರನಾಡ ಕನ್ನಡಿಗನ ಈ ದ್ವಿಮುಖ ನಿರ್ಲಕ್ಷ್ಯಕ್ಕೆ ನಗುವೇ ಒಳ್ಳೆಯ ಮುಸುಕು.

ಕೇಂದ್ರ ನಾಗರಿಕ ಸೇವೆಗಳ 1965ರ ನಿಯಮಗಳ ಪ್ರಕಾರ ಗುಮಾಸ್ತನೊಬ್ಬ 48 ಗಂಟೆಗೂ ಮೀರಿ ಬಂಧನದಲ್ಲಿದ್ದರೆ ಅವನು ಅಮಾನತಾದಂತೆಯೇ ಎಂದು ಪರಿಗಣಿಸಲಾಗುತ್ತದೆ. ಚುನಾಯಿತ ಪ್ರತಿನಿಧಿಗೆ ಅಂಥ ನಿಯಮವಿಲ್ಲ. 2013ರ ಜುಲೈನ ಲಿಲಿ ಥಾಮಸ್ ತೀರ್ಪಿನ ನಂತರ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದೊಡನೆ ಸ್ಥಾನ ಹೋಗುತ್ತದೆಂಬುದು ಮಾತ್ರ ಸದ್ಯದ ಕಟ್ಟಳೆ. ಈ ವ್ಯತ್ಯಾಸ ಸರಿಯೇ ಎಂಬ ಚರ್ಚೆಗೆ ಸಂಸತ್ತಿದೆ. ಆದರೆ ಶಿಕ್ಷೆಗೂ ಮೊದಲು ಪ್ರತಿನಿಧಿಯನ್ನು ಅಮಾನತುಗೊಳಿಸಬಲ್ಲ ಅಧಿಕಾರಿ ಒಬ್ಬನೇ, ಅವನು ಮತದಾರ. ಆ ಅಧಿಕಾರಿ ಕಡತ ಓದದೆ ವ್ಯಂಗ್ಯಚಿತ್ರ ನೋಡುತ್ತ ಕೂತರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೇ ಅವನ ಪಾಲಿಗೆ ಉಳಿಯುವ ಕೆಲಸ.

ಕಡತ ದೂರದಲ್ಲೇನೂ ಇಲ್ಲ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳ ಫಲವಾಗಿ ಪ್ರತಿ ಅಭ್ಯರ್ಥಿಯೂ ತನ್ನ ಮೇಲಿನ ಪ್ರಕರಣಗಳನ್ನೂ ಆಸ್ತಿಯನ್ನೂ ಪ್ರಮಾಣ ಮಾಡಿ ಹೇಳಬೇಕು. 26ನೆಯ ನಮೂನೆಯ ಆ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರಿಗೂ ತೆರೆದಿದೆ. 2018ರ ತೀರ್ಪಿನಂತೆ ಆ ಪ್ರಕರಣಗಳನ್ನು ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ವೇದಿಕೆಯ ಮೇಲಿನ ಬಡಾಯಿಗೆ ಪ್ರಮಾಣವಿಲ್ಲ. ಈ ಹಾಳೆಗಳಿಗೆ ಪ್ರಮಾಣವಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವನಿಗೆ ನಗಬೇಕೆನಿಸಿದರೆ ಧಾರಾಳವಾಗಿ ನಗಲಿ. ಆ ನಗು ಜಾಮೀನಾಗುವುದಿಲ್ಲ, ಸಾಕ್ಷಿಯಾಗುತ್ತದೆ. ಪ್ರಕರಣದ ಸಂಖ್ಯೆ ಗೊತ್ತಿಲ್ಲದವರ ನಗುವಿಗೆ ಯಾವ ರಾಜಕಾರಣಿಯೂ ಇದುವರೆಗೆ ಹೆದರಿದ್ದಿಲ್ಲ; ಇನ್ನು ಮುಂದೆ ಹೆದರುವುದೂ ಇಲ್ಲ.