ಭೀಮೆಯ ನೀರು ಮತ್ತು ನಮ್ಮ ಮನೆಯ ಖಾತೆ

ಹೋದ ತಿಂಗಳು ನಮ್ಮ ಸಂಘದ ಚರ್ಚಾಕೂಟದಲ್ಲಿ ‘ಭೀಮೆಯ ನೀರು ಯಾರದು?’ ಎಂಬ ವಿಷಯವಿತ್ತು. ಮಾತಾಡಿದ ಐದೂ ಜನ ಕರ್ನಾಟಕದ್ದೇ ಎಂದರು. ಪುಣೆಯಲ್ಲಿ ಕೂತು ಕನ್ನಡದಲ್ಲಿ ಗುಡುಗುವುದರಲ್ಲಿ ಒಂದು ಖುಷಿ ಇದ್ದೇ ಇದೆ. ನಾನೂ ಚಪ್ಪಾಳೆ ತಟ್ಟಿದೆ. ರಾತ್ರಿ ಹಾಸ್ಟೆಲಿನಲ್ಲಿ ನಲ್ಲಿ ತಿರುಗಿಸಿದಾಗ ಮಾತ್ರ ಬೇರೆ ಯೋಚನೆ ಬಂತು. ಈ ನೀರು ಖಡಕವಾಸಲಾದ್ದು. ನಾವು ಊರೆಲ್ಲ ಸೇರಿ ಬಳಸಿ ಚೆಲ್ಲಿದ ಹೊಲಸು ಮುಳಾ-ಮುಠಾ ಸೇರಿ, ಭೀಮೆ ಸೇರಿ, ಉಜನಿ ಅಣೆಕಟ್ಟಿಗೆ ಹೋಗುತ್ತದೆ. ಅಲ್ಲಿಂದ ಬಿಟ್ಟರೆ ಪಂಢರಪುರ ದಾಟಿ ನಮ್ಮ ಅಫಜಲಪುರ ತಾಲೂಕಿಗೆ. ಬಿಟ್ಟರೆ, ಅಂದೆ!

1980ರಲ್ಲಿ ಮುಗಿದ ಈ ಉಜನಿಯ ಹೊಟ್ಟೆ ಸುಮಾರು 117 ಟಿ.ಎಂ.ಸಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲುವೆಯ ಮಟ್ಟಕ್ಕಿಂತ ಕೆಳಗಿನ ನೀರು. ಬೇಸಿಗೆಯಲ್ಲಿ ಅದಕ್ಕೂ ಕೈ ಹಾಕುತ್ತಾರೆ, ಆಗ ಇಲ್ಲಿನ ಪತ್ರಿಕೆಗಳು ‘ಉಜನಿ ಮೈನಸ್ ಇಷ್ಟು ಶೇಕಡ’ ಎಂದು ಬರೆಯುತ್ತವೆ. ಕಾಮರ್ಸ್ ಹುಡುಗನಾದ ನನಗೆ ಅದು ಓವರ್‌ಡ್ರಾಫ್ಟಿನಂತೆ ಕಾಣುತ್ತದೆ. ಕೆಳಗಿನ ನಮಗೆ ಬೇಸಿಗೆಯಲ್ಲಿ ಮರಳು. 2020ರ ಅಕ್ಟೋಬರಿನಲ್ಲಿ ಬಂದಿತ್ತಲ್ಲ, ಹಾಗೆ ಬಂದರೆ ಮನೆಯೊಳಗೇ ಹೊಳೆ.

ಬಚಾವತ್ ನ್ಯಾಯಮಂಡಳಿ 1973ರಲ್ಲಿ ಕೃಷ್ಣಾ ಕೊಳ್ಳದ ನೀರು ಹಂಚಿತು: ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಗಿನ ಆಂಧ್ರಪ್ರದೇಶಕ್ಕೆ 800 ಟಿ.ಎಂ.ಸಿ. ಭೀಮೆಯೂ ಆ ಲೆಕ್ಕದೊಳಗೇ ಬರುತ್ತಾಳೆ. ಅರ್ಧ ಶತಮಾನದಿಂದ ನಾವು ಈ ಅಂಕಿ ಹಿಡಿದೇ ಜಗಳಾಡುತ್ತಿದ್ದೇವೆ. ಆಡಬಾರದು ಅಂತಲ್ಲ. ಆದರೆ ನಮ್ಮ ಊರೊಳಗೆ ಬಂದ ನೀರು ಯಾರ ಖಾತೆಗೆ ಜಮಾ ಆಯಿತು ಅಂತ ಚರ್ಚಾಕೂಟದಲ್ಲಿ ಒಬ್ಬರೂ ಕೇಳಲಿಲ್ಲ.

ನಾನು ನಮ್ಮ ಮನೆಯ ಖಾತೆಯನ್ನೇ ತೆಗೆಯುತ್ತೇನೆ. ಹೊಳೆದಂಡೆಗೆ ನಮಗೆ ಆರು ಎಕರೆ. ಮೋಟಾರು ಇದೆ, ಪೈಪಿದೆ, ಆರಕ್ಕಾರೂ ಕಬ್ಬು. ನಮ್ಮ ಹೊಲಕ್ಕೆ ಕೆಲಸಕ್ಕೆ ಬರುವ ಆಯಿಯ ಮನೆಯಲ್ಲಿ ಎಂಟು ಜನ, ಅಂಗೈಯಗಲ ನೆಲವಿಲ್ಲ. ಹೋದ ರಜೆಯಲ್ಲಿ ಆಕೆ ಕೊಡ ಹೊತ್ತು ಬೋರಿನ ಮುಂದೆ ಪಾಳಿ ಹಚ್ಚಿ ನಿಂತಿದ್ದಳು. ನಮ್ಮ ಮೋಟಾರು ಹೊಳೆಯಲ್ಲಿ ಉಳಿದ ಮಡುವಿನಿಂದ ಎಳೆಯುತ್ತಿತ್ತು. ಆಕೆ ಸಿಟ್ಟಿಲ್ಲದೆ ಅಂದಳು, “ಹೊಳಿ ಎಲ್ಲಾರ್ದೂ ಅಂತಾರ ತಮ್ಮಾ, ನಮ್ಮನಿ ಕಡಿ ಯಾವಾಗ ಬರ್ತದ?” ನಾನು ನಕ್ಕು ಮುಂದೆ ಹೋದೆ. ಬೇರೇನು ಮಾಡಬೇಕಿತ್ತೋ ತಿಳಿಯಲಿಲ್ಲ.

ಇದಕ್ಕೆ ಉತ್ತರ ಹುಡುಕಿದವರು ಇದೇ ಭೀಮೆಯ ಕೊಳ್ಳದಲ್ಲಿ, ಪುಣೆಯ ಪಕ್ಕದಲ್ಲೇ ಇದ್ದರು. 1972ರ ಬರ ನೋಡಿದ ಎಂಜಿನಿಯರ್ ವಿಲಾಸರಾವ್ ಸಾಳುಂಕೆ ಪುರಂದರ ತಾಲೂಕಿನ ನಾಯಗಾವಿನಲ್ಲಿ ದೇವಸ್ಥಾನದ ಬರಡು ನೆಲ ಹಿಡಿದು, ಒಡ್ಡು ಹಾಕಿ, ಮಳೆ ನೀರು ನಿಲ್ಲಿಸಿ ತೋರಿಸಿದರು. ಅದರಿಂದ ‘ಪಾಣಿ ಪಂಚಾಯತ್’ ಹುಟ್ಟಿತು. ಅದರ ಕಟ್ಟಳೆ ಓದಿ ನಾನು ಬೆಚ್ಚಿದೆ. ನೀರು ಎಕರೆಯ ಲೆಕ್ಕಕ್ಕಲ್ಲ, ತಲೆಯ ಲೆಕ್ಕಕ್ಕೆ: ಒಬ್ಬರಿಗೆ ಅರ್ಧ ಎಕರೆಗಾಗುವಷ್ಟು, ಒಂದು ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ನೆಲವಿಲ್ಲದವನಿಗೂ ಪಾಲುಂಟು. ನೆಲ ಮಾರಿದರೆ ನೀರು ಅದರ ಬೆನ್ನು ಹತ್ತಿ ಹೋಗುವುದಿಲ್ಲ. ಖರ್ಚಿನ ಶೇಕಡ 20 ಸದಸ್ಯರೇ ಹಾಕಬೇಕು. ಮತ್ತು ಕಬ್ಬು ಬೆಳೆಯುವಂತಿಲ್ಲ!

ಈ ಕಟ್ಟಳೆ ನಮ್ಮೂರಿಗೆ ಬಂದರೆ? ನಮ್ಮ ಮನೆ ಐದು ಜನ, ಎರಡೂವರೆ ಎಕರೆಯ ನೀರು. ಆಯಿಯ ಮನೆ ಎಂಟು ಜನ, ಅವರಿಗೂ ಎರಡೂವರೆ. ನೆಲವಿಲ್ಲದವರು ನೀರು ಇಟ್ಟುಕೊಂಡು ಏನು ಮಾಡ್ತಾರೆ ಅಂತ ನಗುವ ಗೆಳೆಯರಿಗೆ ಹೇಳುತ್ತೇನೆ: ನೀರಿದ್ದವರನ್ನು ಪಾಲಿಗೆ ಕರೆಯಲು ನೆಲದವನೇ ಅವರ ಮನೆಗೆ ಹೋಗಬೇಕಾಗುತ್ತದೆ. ಆಗ ಕಟ್ಟೆಯ ಮೇಲೆ ಯಾರು ಕೂತು ಯಾರು ನಿಂತು ಮಾತಾಡುತ್ತಾರೆ, ನೀವೇ ಯೋಚಿಸಿ.

ಸಾಳುಂಕೆಯವರ ಮಾತು ಎಲ್ಲೆಡೆ ಗೆದ್ದಿತು ಅಂತ ನಾನು ಸುಳ್ಳು ಹೇಳಲಾರೆ. ಹಲವು ಯೋಜನೆಗಳು ಮುಂದೆ ನಿಂತುಹೋದವು. ಉಜನಿಯ ಸುತ್ತ ಸಕ್ಕರೆ ಕಾರ್ಖಾನೆಗಳು ಹೆಚ್ಚಾದವು, ನಮ್ಮ ಕಡೆಗೂ ಬಂದವು. ಮಹಾರಾಷ್ಟ್ರದಲ್ಲಿ ಶೇಕಡ 4ರ ಆಸುಪಾಸಿನ ನೆಲದಲ್ಲಿರುವ ಕಬ್ಬು ನೀರಾವರಿ ನೀರಿನ ಅರ್ಧಕ್ಕಿಂತ ಹೆಚ್ಚು ಕುಡಿಯುತ್ತದೆ. ಮೇಲಿನವರು ಕುಡಿದರು ಅಂತ ಬೈಯುವ ನಾವು ಕುಡಿಸುತ್ತಿರುವುದೂ ಅದೇ ಬೆಳೆಗೆ.

ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. “ತೊಗರಿ ಹಾಕಿದ್ರ ಅಡತಿಯವ ಹೇಳಿದ್ದ ದರ, ಕಬ್ಬು ಹಾಕಿದ್ರ ಸರಕಾರ ಹೇಳಿದ್ದ ದರ. ನೀ ಲೆಕ್ಕ ಕಲ್ತಾಂವ, ಯಾವುದು ಹಾಕಲಿ ಹೇಳು” ಅಂದರು. ಆ ಮಾತು ಖರೆ. ತೊಗರಿಗೂ ಬೆಂಬಲ ಬೆಲೆ ಘೋಷಣೆ ಆಗುತ್ತದೆ, ಆದರೆ ಸುಗ್ಗಿಯಲ್ಲಿ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಾಲದವನು ಬಾಗಿಲಲ್ಲಿ ಕೂತಿರುತ್ತಾನೆ. ದರದ ಭರವಸೆ ಕೊಡದೆ ರೈತನಿಗೆ ಕಬ್ಬು ಬಿಡು ಅನ್ನುವುದು ಅನ್ಯಾಯವೇ. ಹಾಗಂತ ಆಯಿಯ ಪಾಲಿನ ನೀರನ್ನು ನಮ್ಮ ಮೋಟಾರು ಎಳೆಯುವುದು ನ್ಯಾಯವಾಗುವುದಿಲ್ಲ. ಎರಡನ್ನೂ ಒಟ್ಟಿಗೇ ಕೇಳಬೇಕು: ತೊಗರಿ ಜೋಳಕ್ಕೆ ಖಾತ್ರಿ ದರ, ನೀರಿಗೆ ತಲೆಲೆಕ್ಕ. ಹಾಗೆ ಬಂದರೆ ನಮ್ಮ ಮೂರೂವರೆ ಎಕರೆ ನೀರು ಹೋಗಲಿ ಎಂದು ನಾನು ಬರೆದುಕೊಡಲು ತಯಾರು.

ಫೋನಿಡುವ ಮೊದಲು ಅಪ್ಪ ಇನ್ನೊಂದು ಕೇಳಿದರು, “ಈ ಸಲದ ಫೀ ಯಾವ ಬೆಳಿದು, ಗೊತ್ತದ ಏನು?” ಗೊತ್ತಿತ್ತು. ಈ ಲೇಖನ ಬರೆದ ಪೆನ್ನೂ ಅದರದ್ದೇ.