ನಾಟಕಮಂದಿರ ಕಿವಿಗೂ ಒಪ್ಪಲಿ

ಬೆಳಗಾವಿಯ ಆಟೋ ನಗರದ ಕಾರ್ಖಾನೆಗಳಲ್ಲಿ ತಲೆಯೆತ್ತಿ ನೋಡಿದವರಿಗೆ ಉಕ್ಕಿನ ಸಾಮರ್ಥ್ಯವನ್ನು ಬೇರೆ ವಿವರಿಸಬೇಕಾಗಿಲ್ಲ. ತ್ರಿಕೋನಗಳಾಗಿ ಹೆಣೆದ ಚೌಕಟ್ಟುಗಳು ನಡುವೆ ಕಂಬವಿಲ್ಲದೆ ತಗಡಿನ ಚಾವಣಿಯನ್ನು ಹೊತ್ತಿರುತ್ತವೆ. ನಾಟಕಮಂದಿರಕ್ಕೂ ಕಂಬವಿಲ್ಲದ ಹರವು ಬೇಕು. ಉದ್ದಕ್ಕೂ ಸಮನಾದ ಭಾರ ಹೊತ್ತ ತೊಲೆಯ ಹರವು ಇಮ್ಮಡಿಯಾದರೆ ಅದನ್ನು ಬಾಗಿಸುವ ಪರಿಣಾಮ ನಾಲ್ಮಡಿಯಾಗುತ್ತದೆ. ಕಾಂಕ್ರೀಟು ಒತ್ತಡವನ್ನು ತಾಳೀತು, ಎಳೆತವನ್ನು ತಾಳದು. ಅದಕ್ಕೆಂದೇ ಒಳಗೆ ಉಕ್ಕಿನ ಸರಳು. ಇವೆಲ್ಲ ನಮ್ಮ ಎಂಜಿನಿಯರರಿಗೆ ಕರತಲಾಮಲಕ.

ಆದರೆ ಬೀಳದೆ ನಿಂತ ಮಾತ್ರಕ್ಕೆ ಕಟ್ಟಡವು ನಾಟಕಮಂದಿರವಾಗದು. ನಟನ ಮಾತು ಕೊನೆಯ ಸಾಲಿಗೂ ಸ್ಪಷ್ಟವಾಗಿ ಮುಟ್ಟಬೇಕು.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸಮಂದಿರದಲ್ಲಿ ಮಾತೇ ಅರ್ಥವಾಗದಂತಾಗಿತ್ತು. ಒಮ್ಮೆ ಹುಟ್ಟಿದ ಶಬ್ದ ಐದೂವರೆ ಸೆಕೆಂಡು ಉಳಿಯುತ್ತಿತ್ತು. ಇದೇ ಅನುರಣನ. ವ್ಯಾಲೆಸ್ ಸಬೀನ್ ಎಂಬ ತರುಣ ವಿಜ್ಞಾನಿ ಆಸನದ ಮೆತ್ತೆಗಳನ್ನು ತಂದಿರಿಸಿ, ಅಳೆದಳೆದು, ಸರಳ ಸೂತ್ರವೊಂದನ್ನು ಕಂಡುಕೊಂಡನು: ಮಂದಿರದ ಗಾತ್ರವನ್ನು 0.16ರಿಂದ ಗುಣಿಸಿ, ಶಬ್ದವನ್ನು ಹೀರುವ ಒಟ್ಟು ಮೊತ್ತದಿಂದ ಭಾಗಿಸಿದರೆ ಅನುರಣನಕಾಲ ದೊರೆಯುತ್ತದೆ. ತೆರೆದ ಕಿಟಕಿಯಿಂದ ಹೊರಟ ಶಬ್ದ ಮರಳದಾದ್ದರಿಂದ ಒಂದು ಚದರ ಮೀಟರಿನ ತೆರೆದ ಕಿಟಕಿಯೇ ಹೀರುವಿಕೆಯ ಮಾನ.

ಲೆಕ್ಕ ಹಾಕೋಣ. 30 ಮೀಟರು ಉದ್ದ, 20 ಮೀಟರು ಅಗಲ, 10 ಮೀಟರು ಎತ್ತರದ ಮಂದಿರದ ಒಳಮೈ 2,200 ಚದರ ಮೀಟರು. ಬರಿಯ ಗಾರೆ ನೂರಕ್ಕೆ ಸುಮಾರು ಮೂರು ಪಾಲು ಹೀರಿದರೆ 66 ಮಾನವಾಯಿತು. 600 ಪ್ರೇಕ್ಷಕರು ತಲಾ ಅರ್ಧದಂತೆ 300. ಅನುರಣನ 2.6 ಸೆಕೆಂಡು! ಮಾತಿಗೆ ಒಪ್ಪುವುದು ಒಂದು ಸೆಕೆಂಡಿನ ಆಸುಪಾಸು. ಉಳಿದ ಹೀರುವಿಕೆಯನ್ನು ರಂಧ್ರವುಳ್ಳ ಹಲಗೆ, ಹಿಂಬದಿಯ ಖನಿಜದ ನಾರು, ದಪ್ಪ ಪರದೆ, ಮೆತ್ತೆಯ ಆಸನಗಳು ಒದಗಿಸಬೇಕು.

ಧ್ವನಿವರ್ಧಕವನ್ನಿಟ್ಟರಾಯಿತೆಂಬುದು ಭ್ರಮೆ, ಅದು ಮಾತಿನೊಡನೆ ಅನುರಣನವನ್ನೂ ಹಿಗ್ಗಿಸುತ್ತದೆ. ಇನ್ನು ಬೆಳಗಾವಿ, ಖಾನಾಪುರಗಳ ಮಳೆ! ಒಂಟಿ ತಗಡು ಮಳೆಗೆ ನಗಾರಿಯಾಗುತ್ತದೆ. ಕಾರ್ಖಾನೆಗೆ ಅದು ಸಹ್ಯ. ರಂಗಕ್ಕೆ ಕಾಂಕ್ರೀಟಿನ ಭಾರವಾದ ಚಾವಣಿಯೋ, ನಡುವೆ ನಾರು ತುಂಬಿದ ಇಮ್ಮಡಿ ಹೊದಿಕೆಯೋ ಬೇಕು. ಈ ಭಾರವನ್ನು ಮೊದಲೇ ಎಣಿಸದೆ ಚೌಕಟ್ಟು ಕಟ್ಟಿದರೆ ಮುಂದೆ ಸೇರಿಸುವುದು ಕಷ್ಟ. ಆದುದರಿಂದ ಶಬ್ದದ ಲೆಕ್ಕ ಅಡಿಪಾಯದ ಲೆಕ್ಕದೊಡನೆಯೇ ನಡೆಯತಕ್ಕದ್ದು.

ಕುಮಾರ ಗಂಧರ್ವರು ಹುಟ್ಟಿದ, ಏಣಗಿ ಬಾಳಪ್ಪನವರು ಹಾಡಿ ಆಡಿದ ಜಿಲ್ಲೆಯಿದು. ಇಲ್ಲಿ ಸಾರ್ವಜನಿಕರ ಹಣದಿಂದ ಕಟ್ಟುವ ಪ್ರತಿಯೊಂದು ರಂಗಮಂದಿರದಲ್ಲಿ ಉದ್ಘಾಟನೆಗೆ ಮುನ್ನ ಅನುರಣನವನ್ನು ಅಳೆಯಲಿ. ಶಿಲಾಫಲಕದಲ್ಲಿ ಗಣ್ಯರ ಹೆಸರುಗಳ ಕೆಳಗೆ ಆ ಅಂಕಿಯನ್ನೂ ಕೆತ್ತಿಸಲಿ. ಕಟ್ಟಿದವರ ಜಾಣ್ಮೆಗೆ ಅದೇ ಸಾಕ್ಷಿ.