ಪಟ್ಟಿಗೆ ಸಿಗದ ಅಮಾವಾಸ್ಯೆ

ಕರ್ನಾಟಕ ಸರ್ಕಾರ ಪ್ರತಿ ವರ್ಷದ ಕೊನೆಯ ತಿಂಗಳುಗಳಲ್ಲಿ ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿಯನ್ನು ಅಧಿಸೂಚನೆಯಾಗಿ ಹೊರಡಿಸುತ್ತದೆ. ಕಚೇರಿಯ ಗೋಡೆಗೂ ಶಾಲೆಯ ಸೂಚನಾ ಫಲಕಕ್ಕೂ ಅಂಟಿಕೊಳ್ಳುವ ಆ ಕಾಗದವನ್ನು ಹೆಚ್ಚಿನವರು ಸಾಲು ರಜೆ ಎಲ್ಲಿ ಸಿಗುತ್ತದೆಂದು ಹುಡುಕುವುದಕ್ಕಷ್ಟೇ ಓದುತ್ತಾರಾದರೂ, ಯಾವ ಜನರ ಯಾವ ದಿನವನ್ನು ಇಡೀ ರಾಜ್ಯ ತನ್ನ ದಿನವೆಂದು ಒಪ್ಪಿಕೊಂಡಿದೆ ಎಂಬುದಕ್ಕೆ ಅಧಿಕೃತ ದಾಖಲೆಯೂ ಅದೇ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಒಕ್ಕಲು ಮನೆಗಳ ದೊಡ್ಡ ಹಬ್ಬಗಳಲ್ಲೊಂದು ಎಳ್ಳ ಅಮಾವಾಸ್ಯೆ. ಅದರ ಹೆಸರು ಈ ದಾಖಲೆಯಲ್ಲಿಲ್ಲ. ತೊಗರಿ ಕೊಯ್ಲಿಗೆ ಬಂದು ಬಿಳಿಜೋಳ ತೆನೆಗಟ್ಟುವ ಆ ಹೊತ್ತಿನಲ್ಲಿ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಕಡಬು, ಅಂಬಲಿ ಮತ್ತು ಹಲವು ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿಯ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಅಂದರೆ ಅಡುಗೆಯ ಒಂದು ಪಾಲನ್ನು ಬೆಳೆಯ ನಡುವೆ ಎರಚಿ, ಕರೆತಂದ ಗೆಳೆಯರೊಡನೆ ಜಾತಿ-ಧರ್ಮ ನೋಡದೆ ಕೂತು ಉಣ್ಣುತ್ತಾರೆ. ಅಂದು ಚಿಂಚೋಳಿ ತಾಲ್ಲೂಕಿನ ಚಂದಾಪುರದ ಸರ್ಕಾರಿ ಕಚೇರಿಗಳ ಬಾಗಿಲು ತೆರೆದೇ ಇರುತ್ತದೆ, ಆದರೆ ಆ ಬಾಗಿಲಿಗೆ ಬರಬೇಕಾದ ಜನ ಹೊಲದಲ್ಲಿರುತ್ತಾರೆ.

ಬಾಗಿಲಿಗೂ ಹೊಲಕ್ಕೂ ನಡುವಿನ ಈ ಅಂತರ ಹೇಗೆ ಹುಟ್ಟಿತೆಂದು ತಿಳಿಯಬೇಕಾದರೆ ಸಾರ್ವತ್ರಿಕ ರಜೆಯ ಕಾನೂನು ಬೇರನ್ನು ನೋಡಬೇಕು. ಭಾರತದಲ್ಲಿ ‘ಸಾರ್ವಜನಿಕ ರಜಾದಿನ’ ಎಂಬ ಮಾತಿಗೆ ವ್ಯಾಖ್ಯೆ ಸಿಗುವುದು ಸಂವಿಧಾನದಲ್ಲಲ್ಲ, ಚೆಕ್ಕು ಮತ್ತು ಹುಂಡಿಗಳ ವ್ಯವಹಾರಕ್ಕಾಗಿ ಬ್ರಿಟಿಷರು 1881ರಲ್ಲಿ ಮಾಡಿದ ವರ್ಗಾವಣೀಯ ಲಿಖಿತಗಳ ಅಧಿನಿಯಮದ 25ನೆಯ ಕಲಮಿನಲ್ಲಿ. ಹಣ ಸಲ್ಲಬೇಕಾದ ದಿನ ರಜೆಯ ಮೇಲೆ ಬಿದ್ದರೆ ಏನು ಮಾಡಬೇಕೆಂಬ ಲೆಕ್ಕಕ್ಕಾಗಿ ಅಲ್ಲಿ ಭಾನುವಾರವನ್ನೂ ಸರ್ಕಾರ ಘೋಷಿಸುವ ಇತರ ದಿನಗಳನ್ನೂ ರಜೆಯೆಂದು ಕರೆಯಲಾಗಿದೆ, ಹಾಗೆ ಘೋಷಿಸುವ ಅಧಿಕಾರವನ್ನು 1957ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೂ ಒಪ್ಪಿಸಿತು. ಬ್ಯಾಂಕಿನ ಅನುಕೂಲಕ್ಕಾಗಿ ಹುಟ್ಟಿದ ಈ ಉಪಕರಣವೇ ಮುಂದೆ ಧರ್ಮಗಳಿಗೂ ಸಮುದಾಯಗಳಿಗೂ ಮನ್ನಣೆ ಅಳೆಯುವ ಕೋಲಾಗಿ ಬಳಕೆಯಾಯಿತು. ಇಂದಿನ ರಾಜ್ಯ ಪಟ್ಟಿಯಲ್ಲಿ ಯುಗಾದಿ, ರಂಜಾನ್, ಮಹಾವೀರ ಜಯಂತಿ, ಗುಡ್ ಫ್ರೈಡೇ, ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ಬಕ್ರೀದ್, ಮೊಹರಂ ಕಡೆಯ ದಿನ, ವಾಲ್ಮೀಕಿ ಜಯಂತಿ, ಕನಕದಾಸ ಜಯಂತಿ, ಕ್ರಿಸ್‌ಮಸ್ ಎಲ್ಲವೂ ಇವೆ. ಇದರ ಜೊತೆಗೆ ಪರಿಮಿತ ರಜೆಯೆಂಬ ಎರಡನೆಯ ಪಟ್ಟಿಯೂ ಇದೆ; ಕಚೇರಿ ಮುಚ್ಚದೆ, ನೌಕರರು ತಮಗೆ ಬೇಕಾದ ಎರಡು ದಿನಗಳನ್ನು ಮಾತ್ರ ಆರಿಸಿಕೊಳ್ಳಬಹುದಾದ ಈ ಸಾಲಿನಲ್ಲಿ ಹೋಳಿ, ಬುದ್ಧ ಪೂರ್ಣಿಮೆ, ಗುರುನಾನಕ್ ಜಯಂತಿಯಂಥ ದಿನಗಳು ನಿಂತಿವೆ.

ಈ ಪಟ್ಟಿ ಮಾಡಿದವರಿಗೆ ಜನರ ಕಾಲಗಣನೆಯ ಅರಿವೇ ಇರಲಿಲ್ಲವೆಂದು ಹೇಳುವಂತಿಲ್ಲ. ಚಾಂದ್ರಮಾನದ ಪಂಚಾಂಗ ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿಕೊಂಡು ಋತುಗಳ ಜೊತೆ ನಡೆದರೆ, ಹಿಜರಿ ವರ್ಷ ಅಂಥ ಹೊಂದಾಣಿಕೆ ಇಲ್ಲದೆ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಹಬ್ಬದ ದಿನವೂ ಚಂದ್ರದರ್ಶನದ ಮೇಲೆ ನಿಲ್ಲುತ್ತದೆ. ಆದ್ದರಿಂದಲೇ ಹಬ್ಬ ನಿಗದಿತ ದಿನಾಂಕಕ್ಕೆ ಬೀಳದಿದ್ದರೆ ಮುಸ್ಲಿಂ ನೌಕರರಿಗೆ ಆ ರಜೆಗೆ ಬದಲಾಗಿ ಹಬ್ಬದ ದಿನವೇ ರಜೆ ಕೊಡಬಹುದೆಂಬ ಟಿಪ್ಪಣಿ ರಾಜ್ಯದ ಅಧಿಸೂಚನೆಯ ಕೆಳಗೆ ಇರುತ್ತದೆ. ಇದೇ ಕಾಗದದಲ್ಲಿ ಇನ್ನೊಂದು ವಿವೇಕವೂ ಇದೆ: ಕೈಲ್ ಮುಹೂರ್ತ, ತುಲಾ ಸಂಕ್ರಮಣ ಮತ್ತು ಹುತ್ತರಿ ಹಬ್ಬಗಳಿಗೆ ಕೊಡಗು ಜಿಲ್ಲೆಗೆ ಮಾತ್ರ ಅನ್ವಯಿಸುವ ಸ್ಥಳೀಯ ರಜೆ ಕೊಡುವ ರೂಢಿ. ಆಯುಧಪೂಜೆಯ ಬಗೆಯ ಕೈಲ್ ಮುಹೂರ್ತವೂ ಹೊಸ ಭತ್ತವನ್ನು ಮನೆಗೆ ತರುವ ಹುತ್ತರಿಯೂ ಧರ್ಮದ ಹೆಸರಿಗಿಂತ ನೆಲದ ಹೆಸರಿನಿಂದ ಗುರುತಾಗುವ ಹಬ್ಬಗಳು. ಭತ್ತದ ತೆನೆಗೆ ಸಂದ ಆ ಗೌರವ ಜೋಳದ ತೆನೆಗೆ ಏಕೆ ಸಲ್ಲಲಿಲ್ಲ ಎಂಬುದು ಕಲಬುರಗಿಯ ಬಯಲು ಸೀಮೆ ಕೇಳಬಹುದಾದ ನ್ಯಾಯವಾದ ಪ್ರಶ್ನೆ.

ಈ ಸೀಮೆಗೆ ಒಂದಕ್ಕಿಂತ ಹೆಚ್ಚು ಕಾಲಗಣನೆಗಳ ಕೆಳಗೆ ಬದುಕುವುದು ಹೊಸತಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಕಚೇರಿಗಳ ವಾರದ ರಜೆ ಶುಕ್ರವಾರವಾಗಿತ್ತು, ದಫ್ತರದ ಲೆಕ್ಕ ನಡೆಯುತ್ತಿದ್ದುದು ಅಜೂರ್, ದೈ, ಬಹಮನ್ ಮುಂತಾದ ಪಾರಸಿ ತಿಂಗಳುಗಳ ಫಸಲಿ ಪಂಚಾಂಗದಲ್ಲಿ. 1874ರಲ್ಲಿ ಸಿಕಂದರಾಬಾದಿನ ರೈಲು ಮಾರ್ಗ ಬ್ರಿಟಿಷ್ ಕಂಪನಿಯ ಮುಂಬಯಿ-ಮದರಾಸು ಮಾರ್ಗವನ್ನು ಇದೇ ಸೀಮೆಯ ವಾಡಿಯಲ್ಲಿ ಕೂಡಿಕೊಂಡ ಮೇಲೆ ರೈಲಿನ ಹಿಂದೆ ಭಾನುವಾರದ ಲೆಕ್ಕವೂ ಬಂತು. ಆದರೆ ಊರಿನ ಒಕ್ಕಲಿಗನಿಗೆ ಶುಕ್ರವಾರವೂ ಭಾನುವಾರವೂ ದೊಡ್ಡ ಮಾತಾಗಿರಲಿಲ್ಲ. ಬಸವಣ್ಣನ ವಾರವೆಂದು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದೆಂಬ ಕಟ್ಟಳೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಯಾವ ಗೆಜೆಟ್ಟಿನ ಹಂಗೂ ಇಲ್ಲದೆ ನಡೆದುಬಂದಿತ್ತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನದ ಆಳ್ವಿಕೆ ಮುಗಿದು ಕಚೇರಿಯ ಶುಕ್ರವಾರ ಭಾನುವಾರವಾಗಿ ಬದಲಾಯಿತೇ ಹೊರತು ಎತ್ತಿನ ಸೋಮವಾರ ಬದಲಾಗಲಿಲ್ಲ. ಆಳುವವರ ರಜೆ ಆಳ್ವಿಕೆಯೊಡನೆ ಬದಲಾಗುತ್ತದೆ, ದುಡಿಯುವವರ ರಜೆ ದುಡಿಮೆಯೊಡನೆ ಹುಟ್ಟಿ ದುಡಿಮೆಯೊಡನೆಯೇ ಉಳಿಯುತ್ತದೆ.

ಆಡಳಿತದ ಗೆರೆ ಹಬ್ಬಗಳ ಮೇಲೆ ಹೇಗೆ ಹಾಯುತ್ತದೆಂಬುದಕ್ಕೆ ನೆರೆಯ ತಾಂಡೂರು ಮತ್ತು ಕೊಡಂಗಲ್ ಒಳ್ಳೆಯ ಸಾಕ್ಷಿ. 1956ರ ನವೆಂಬರ್ 1ರವರೆಗೆ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದ ಈ ಎರಡೂ ರಾಜ್ಯ ಪುನರ್ವಿಂಗಡಣೆಯಲ್ಲಿ ಆಂಧ್ರದ ಕಡೆಗೆ ಹೋದವು. ಇಂದು ಅವು ಸೇರಿರುವ ತೆಲಂಗಾಣ ರಾಜ್ಯ 2014ರಲ್ಲಿ ಹುಟ್ಟಿದ ಕೂಡಲೇ ಬೋನಾಲು ಮತ್ತು ಬತುಕಮ್ಮ ಎಂಬ ಜನಪದ ಹಬ್ಬಗಳನ್ನು ರಾಜ್ಯದ ಹಬ್ಬಗಳೆಂದು ಘೋಷಿಸಿ ರಜೆಯನ್ನೂ ಕೊಟ್ಟಿತು. ಹೀಗಾಗಿ ಸೇಡಂ ಮತ್ತು ಚಿಂಚೋಳಿಯ ಗಡಿ ಹಳ್ಳಿಗಳಲ್ಲಿ ಬೀಗರ ಮನೆಗೆ ಹೋಗಿಬರುವ ಕುಟುಂಬಗಳು ಒಂದೇ ಭಾಷೆಗಳ, ಒಂದೇ ಬೆಳೆಗಳ ಸೀಮೆಯಲ್ಲಿ ಎರಡು ರಜಾಪಟ್ಟಿಗಳನ್ನು ನೋಡುತ್ತಿವೆ. ಹಬ್ಬಕ್ಕೆ ಮನ್ನಣೆ ಸಿಗಲು ಅದು ಪುರಾಣೋಕ್ತವಾಗಿರಬೇಕು, ಇಲ್ಲವೇ ಮಹಾಪುರುಷರ ಜನ್ಮದಿನವಾಗಿರಬೇಕು ಎಂಬ ನಿಯಮ ಎಲ್ಲೂ ಇಲ್ಲವೆಂದು ಗಡಿಯಾಚೆಯ ಈ ಉದಾಹರಣೆ ತೋರಿಸುತ್ತದೆ.

ಬುದ್ಧ ಪೂರ್ಣಿಮೆಯದು ಇನ್ನೊಂದು ಬಗೆಯ ಕಥೆ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಅದು ಕಡ್ಡಾಯ ರಜೆ, ಕರ್ನಾಟಕದ ಕಚೇರಿಗಳಿಗೆ ಪರಿಮಿತ ರಜೆ; ಆದ್ದರಿಂದ ಅಂದು ಚಿತ್ತಾಪುರದ ಅಂಚೆ ಕಚೇರಿ ಮುಚ್ಚಿರುತ್ತದೆ, ಅದೇ ಊರಿನ ತಹಶೀಲ್ದಾರ್ ಕಚೇರಿ ತೆರೆದಿರುತ್ತದೆ. ಇದೇ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಬೆಳಕಿಗೆ ಬಂದವು, ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪವೂ ಅಶೋಕನ ಹೆಸರು ಕೊರೆದ ಶಿಲ್ಪವೂ ಸಿಕ್ಕವು. ಸನ್ನತಿಯ ಆ ಕಲ್ಲಿನಲ್ಲಿರುವುದು ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳ ಭಾಗಗಳು ಹಾಗೂ ಎರಡು ಪ್ರತ್ಯೇಕ ಶಾಸನಗಳು. ತನ್ನ ಪಂಥವನ್ನು ಹೊಗಳಲು ಇತರರ ಪಂಥವನ್ನು ಹಳಿಯಬಾರದು, ಬೇರೆಯವರ ಪಂಥವನ್ನು ಗೌರವಿಸುವವನು ತನ್ನದನ್ನೇ ಬೆಳೆಸುತ್ತಾನೆ ಎಂಬುದು ಹನ್ನೆರಡನೆಯ ಶಾಸನದ ತಿರುಳು; ಪ್ರತ್ಯೇಕ ಶಾಸನಗಳನ್ನು ತಿಷ್ಯ, ಅಂದರೆ ಪುಷ್ಯ ನಕ್ಷತ್ರದ ದಿನಗಳಲ್ಲಿ ಜನರಿಗೆ ಓದಿ ಕೇಳಿಸಬೇಕೆಂಬ ಅಪ್ಪಣೆ ಒಡಿಶಾದ ಧೌಲಿಯ ಪಾಠದಲ್ಲಿದೆ. ಪ್ರಭುತ್ವ ವರ್ಷದ ಕೆಲವು ದಿನಗಳನ್ನು ಗುರುತಿಸಿ ಪ್ರಜೆಗಳ ನಡತೆಗೆ ಜೋಡಿಸುವ ಪರಿಪಾಠಕ್ಕೆ ಎರಡು ಸಾವಿರ ವರ್ಷಗಳಿಗೂ ಮೀರಿದ ವಯಸ್ಸಿದೆಯೆಂದು ಇದರಿಂದ ತಿಳಿಯುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಒಂಬತ್ತನೆಯ ಶತಮಾನದಲ್ಲಿ ಕಂಡ ಕವಿರಾಜಮಾರ್ಗವೂ ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದನ್ನೇ ನಿಜವಾದ ಸಂಪತ್ತೆಂದು ಎಣಿಸಿತು.

ಈ ಸೈರಣೆ ಹಳೆಯ ಕಲ್ಲಿನಲ್ಲೂ ಗ್ರಂಥದಲ್ಲೂ ಮಾತ್ರ ಉಳಿದಿಲ್ಲ ಎಂಬುದಕ್ಕೆ ಮೊಹರಂ ಸಾಕ್ಷಿ. ಪಟ್ಟಿಯ ಪ್ರಕಾರ ಅದು ಮುಸ್ಲಿಮರ ದಿನ. ಉತ್ತರ ಕರ್ನಾಟಕದ ಹಳ್ಳಿಗಳ ಪ್ರಕಾರ ಅದು ಅಲಾಯಿ ದೇವರ ಹಬ್ಬ. ಮಸೀದಿಯ ಮುಂದೆ ಅಲಾಯಿ ಕುಣಿ ತೋಡಿ, ಪೀರಗಳನ್ನು ಕೂರಿಸಿ, ಹಸೇನ-ಹುಸೇನರ ಕಥೆಯ ರಿವಾಯತ್ ಪದ ಹಾಡಿ, ಹರಕೆ ಹೊತ್ತವರು ಫಕೀರರಾಗುವ ಈ ಆಚರಣೆಯಲ್ಲಿ ಹಿಂದೂ ಮನೆತನಗಳಿಗೆ ತಲೆಮಾರುಗಳ ಪಾಲಿದೆ, ಮುಸ್ಲಿಂ ಮನೆಯೇ ಇಲ್ಲದ ಊರುಗಳಲ್ಲೂ ಅದು ನಡೆಯುತ್ತದೆ. ಪ್ರತಿ ರಜೆಯ ಮುಂದೆ ಒಂದು ಸಮುದಾಯದ ಹೆಸರನ್ನು ಬರೆದುಕೊಂಡು ಲೆಕ್ಕ ಹಾಕುವ ರಾಜಕೀಯಕ್ಕೆ ಇಂಥ ಹಂಚಿಕೊಂಡ ಹಬ್ಬಗಳು ಕಾಣುವುದಿಲ್ಲ, ಮೊಹರಂ ಒಬ್ಬರ ಪಾಲಿಗೆ ಬೀಳುತ್ತದೆ, ಎಳ್ಳ ಅಮಾವಾಸ್ಯೆ ಯಾರ ಪಾಲಿಗೂ ಬೀಳದೆ ಹೊರಗೆ ಉಳಿಯುತ್ತದೆ. ಜಯಂತಿಯನ್ನು ಕೇಳುವುದಕ್ಕೆ ಸಂಘಗಳಿವೆ, ಮನವಿಪತ್ರಗಳಿವೆ. ಹೊಲದ ಹಬ್ಬಕ್ಕೆ ಅಂಥ ವಾರಸುದಾರರಿಲ್ಲ.

ರಜೆಗಳು ಈಗಲೇ ಹೆಚ್ಚಾಗಿವೆ ಎಂಬ ಆಕ್ಷೇಪವನ್ನು ಇಲ್ಲಿ ಹಗುರವಾಗಿ ಕಾಣುವಂತಿಲ್ಲ. ಉತ್ತರ ಪ್ರದೇಶ ಸರ್ಕಾರ 2017ರಲ್ಲಿ ಹದಿನೈದು ಜಯಂತಿ-ಪುಣ್ಯತಿಥಿಗಳ ರಜೆಯನ್ನು ಒಟ್ಟಿಗೇ ರದ್ದುಪಡಿಸಿತು. ಕರ್ನಾಟಕ 2019ರಲ್ಲಿ ನಾಲ್ಕನೆಯ ಶನಿವಾರಕ್ಕೆ ರಜೆ ಕೊಟ್ಟು ನೌಕರರ ಸಾಂದರ್ಭಿಕ ರಜೆಯನ್ನು ಹದಿನೈದರಿಂದ ಹತ್ತಕ್ಕೆ ಇಳಿಸಿತು. ದಾದ್ರಾ ಮತ್ತು ನಗರ ಹವೇಲಿಯ ವಿಮೋಚನಾ ದಿನದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2022ರಲ್ಲಿ ಸಾರ್ವಜನಿಕ ರಜೆಯನ್ನು ಮೂಲಭೂತ ಹಕ್ಕೆಂದು ಕೇಳಲಾಗದು ಎಂದಿತು, ದೇಶದಲ್ಲಿ ರಜೆಗಳು ಅತಿಯಾಗಿವೆ ಎಂಬ ಮಾತನ್ನೂ ಸೇರಿಸಿತು. ಆದರೆ ಕಡಿತಕ್ಕೆ ಕೈಹಾಕಿದಾಗ ಮೊದಲು ಸಿಗುವುದು ಸಣ್ಣ ಸಮುದಾಯದ ದಿನವೇ ಎಂಬ ಭಯಕ್ಕೂ ಕಾರಣವಿದೆ. ಅದೇ ದಾದ್ರಾ ಮತ್ತು ನಗರ ಹವೇಲಿಯ ಆಡಳಿತ 2019ರಲ್ಲಿ ಗುಡ್ ಫ್ರೈಡೇಯನ್ನು ಕಡ್ಡಾಯ ರಜೆಯಿಂದ ಪರಿಮಿತ ರಜೆಗೆ ಇಳಿಸಿದಾಗ ಅದೇ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಎಲ್ಲರಿಗೂ ಒಂದೇ ಪಟ್ಟಿಯೆಂಬ ಸಮಾನತೆಯೊಳಗೆ ಅಸಮಾನತೆ ಅಡಗಿರುವುದನ್ನು ಕೆನಡಾದ ಸುಪ್ರೀಂ ಕೋರ್ಟ್ 1994ರಲ್ಲಿ ವಿವರಿಸಿತ್ತು. ಕ್ವಿಬೆಕ್‌ನ ಮೂವರು ಯಹೂದಿ ಶಿಕ್ಷಕರು ತಮ್ಮ ಯೋಮ್ ಕಿಪ್ಪುರ್ ದಿನಕ್ಕೆ ಸಂಬಳ ಕಳೆದುಕೊಂಡಿದ್ದರು, ಕ್ರೈಸ್ತ ಸಹೋದ್ಯೋಗಿಗಳ ದೊಡ್ಡ ಹಬ್ಬಗಳಾದರೋ ಶಾಲೆಯ ಪಂಚಾಂಗದಲ್ಲೇ ಸಂಬಳಸಹಿತ ರಜೆಗಳಾಗಿದ್ದವು. ಸಂಸ್ಥೆಗೆ ವಿಪರೀತ ತೊಂದರೆಯಾಗದಷ್ಟು ಮಟ್ಟಿಗೆ ಆ ಶಿಕ್ಷಕರಿಗೂ ಅವಕಾಶ ಮಾಡಿಕೊಡಬೇಕೆಂದು ನ್ಯಾಯಾಲಯ ಹೇಳಿತು. ಕಾನೂನಿನ ಭಾಷೆಯಲ್ಲಿ ಇದನ್ನು ಸಮಂಜಸ ಹೊಂದಾಣಿಕೆ ಎನ್ನುತ್ತಾರೆ.

ಈ ತೀರ್ಪಿನ ನಡುವೆ ಇದ್ದದ್ದು ಸಂಬಳದ ಪ್ರಶ್ನೆ, ಕಲಬುರಗಿ ಜಿಲ್ಲೆಯ ವಾಡಿ ಮತ್ತು ಶಹಾಬಾದಿನ ಮಟ್ಟಿಗೆ ಮುಖ್ಯವಾಗಬೇಕಾದದ್ದೂ ಅದೇ. ಸಿಮೆಂಟ್ ಕಾರ್ಖಾನೆಯ ಕುಲುಮೆ ಹಬ್ಬವೆಂದು ಆರುವುದಿಲ್ಲ. ಅದನ್ನು ಆರಿಸಿ ಮತ್ತೆ ಕಾಯಿಸುವುದು ದುಬಾರಿಯಾದ್ದರಿಂದ ಯುಗಾದಿಯಂದೂ ಬಕ್ರೀದಿನಂದೂ ಮೂರು ಪಾಳಿ ನಡೆಯುತ್ತವೆ. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ರಾಜ್ಯ ಅಧಿನಿಯಮ ಇದಕ್ಕೆ ಒಂದು ಜಾಣ ದಾರಿ ಹುಡುಕಿದೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಎಲ್ಲರಿಗೂ ರಜೆ, ಉಳಿದ ಐದು ಹಬ್ಬದ ರಜೆಗಳನ್ನು ಮಾಲೀಕರು ಮತ್ತು ಕಾರ್ಮಿಕರೊಡನೆ ಸಮಾಲೋಚಿಸಿ ನಿರೀಕ್ಷಕರು ಗೊತ್ತುಪಡಿಸುತ್ತಾರೆ, ಅಂದು ದುಡಿದವರಿಗೆ ಇಮ್ಮಡಿ ಕೂಲಿ, ಇಲ್ಲವೇ ಕೂಲಿಯ ಜೊತೆಗೆ ಬದಲಿ ರಜೆ. ವಿಧಾನಸೌಧದ ಪಟ್ಟಿಗಿಲ್ಲದ ಗುಣವೊಂದು ಈ ಹಳೆಯ ಕಾಯಿದೆಗಿದೆ. ಹಬ್ಬ ಯಾವುದೆಂದು ನಿಶ್ಚಯಿಸುವಾಗ ಅದು ಹಬ್ಬ ಮಾಡುವವರನ್ನೇ ಕೇಳುತ್ತದೆ. ಆದರೆ ಅದರ ನೆರಳು ಎಲ್ಲರನ್ನೂ ಮುಟ್ಟುವುದಿಲ್ಲ. ಶಹಾಬಾದ್ ಕಲ್ಲಿನ ಗಣಿಯಲ್ಲಿ ಪರಸಿ ಎಬ್ಬಿಸುವ ದಿನಗೂಲಿಗೆ, ಚಿಂಚೋಳಿಯ ತಾಂಡಾಗಳಿಂದ ಕಬ್ಬು ಕಡಿಯಲೋ ಕಟ್ಟಡ ಕಟ್ಟಲೋ ಊರು ಬಿಡುವ ಬಂಜಾರ ಕುಟುಂಬಕ್ಕೆ, ಬಿಹಾರದಿಂದ ಬಂದು ಛಠ್ ಹಬ್ಬದ ದಿನವನ್ನು ಪರಊರಿನಲ್ಲಿ ಕಳೆಯುವ ಗುತ್ತಿಗೆ ಕಾರ್ಮಿಕನಿಗೆ ರಜೆಯೆಂದರೆ ಕೂಲಿ ಇಲ್ಲದ ದಿನವೆಂದೇ ಅರ್ಥ. ಅವರ ಮಟ್ಟಿಗೆ ಪಟ್ಟಿಗೆ ಹೊಸ ಹೆಸರು ಸೇರುವುದು ಗೌರವವೂ ಅಲ್ಲ, ಸೌಲಭ್ಯವೂ ಅಲ್ಲ.

ಆದ್ದರಿಂದ ಹಲವು ಧರ್ಮ-ಭಾಷೆಗಳ ಸಮಾಜದಲ್ಲಿ ಹಬ್ಬಗಳಿಗೆ ಸಾರ್ವಜನಿಕ ಮನ್ನಣೆಯೆಂದರೆ ಪಟ್ಟಿಯನ್ನು ಉದ್ದ ಮಾಡುವುದಲ್ಲ, ತನ್ನ ಹಬ್ಬದ ದಿನವನ್ನು ನಷ್ಟವಿಲ್ಲದೆ ತನ್ನದಾಗಿ ಕಳೆಯುವ ಅವಕಾಶವನ್ನು ಹೆಚ್ಚು ಜನರಿಗೆ ಕೊಡುವುದು. ಇದಕ್ಕೆ ಬೇಕಾದ ಮೂರು ಉಪಾಯಗಳು ರಾಜ್ಯದ ಕಪಾಟಿನಲ್ಲೇ ಇವೆ. ಕೊಡಗಿಗೆ ಕೊಟ್ಟಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೂ ಎಳ್ಳ ಅಮಾವಾಸ್ಯೆಯನ್ನು ಸ್ಥಳೀಯ ರಜೆಯಾಗಿ ಕೊಡಬಹುದು, ದಿನಗಳ ಸಂಖ್ಯೆ ಹೆಚ್ಚಬಾರದೆಂದಾದರೆ ಇಲ್ಲಿ ಅಷ್ಟಾಗಿ ಆಚರಣೆಯಿಲ್ಲದ ಒಂದು ದಿನವನ್ನು ಜಿಲ್ಲೆಯ ಜನರ ಒಪ್ಪಿಗೆಯಿಂದ ಅದಕ್ಕೆ ಬದಲಾಯಿಸಿಕೊಳ್ಳಬಹುದು. ಪರಿಮಿತ ರಜೆಯ ಮಿತಿಯನ್ನು ಎರಡರಿಂದ ನಾಲ್ಕಕ್ಕೆ ಏರಿಸಿದರೆ ಬುದ್ಧ ಪೂರ್ಣಿಮೆಗೋ ಹೋಳಿಗೋ ಕಚೇರಿ ಮುಚ್ಚುವ ವಾದವಿಲ್ಲದೆ ಅವರವರ ದಿನ ಅವರವರಿಗೆ ಸಿಗುತ್ತದೆ. ಐದು ಹಬ್ಬಗಳನ್ನು ಕೇಳಿ ನಿಶ್ಚಯಿಸುವ 1963ರ ಕ್ರಮವನ್ನು ಗುತ್ತಿಗೆಯ ಮತ್ತು ದಿನಗೂಲಿಯ ದುಡಿಮೆಗೂ ಕೂಲಿಸಹಿತವಾಗಿ ಮುಟ್ಟಿಸುವುದು ಮೂರನೆಯದು. ಖರ್ಚು ಬೀಳುವುದು ಇದಕ್ಕೇ ಆದ್ದರಿಂದ ಮೂರರಲ್ಲಿ ಕಷ್ಟದ್ದೂ ಇದೇ.

ಸನ್ನತಿಯ ಶಾಸನದ ಕಲ್ಲಿನ ನಡುವೆ ದೇವಿಯ ಮೂರ್ತಿ ನಿಲ್ಲಿಸಲು ಕೊರೆದ ಚೌಕದ ತೂತಿದೆ, ಅಷ್ಟು ಅಕ್ಷರಗಳು ಅಳಿದುಹೋಗಿವೆ. ಇತರರ ಪಂಥವನ್ನು ಗೌರವಿಸಿರೆಂಬ ರಾಜಾಜ್ಞೆಯ ಮೇಲೆಯೇ ಕಾಳಿ ಶತಮಾನಗಳ ಕಾಲ ಪೂಜೆ ಪಡೆದಳು, ಕೆಳಗಿನ ಲಿಪಿಯನ್ನು ಓದಬಲ್ಲವರು ಯಾರೂ ಇರಲಿಲ್ಲ. ಆದರೂ ಆ ಸುತ್ತಿನ ಹಳ್ಳಿಗಳು ಅಲಾಯಿ ಕುಣಿ ತೋಡುವುದನ್ನೂ ಚರಗದ ಬುತ್ತಿಗೆ ನೆರೆಯವರನ್ನು ಕರೆಯುವುದನ್ನೂ ಕಲಿತುಕೊಂಡವು. ಪ್ರಭುತ್ವ ಬರೆದುಕೊಡದೆಯೇ ಜನ ಇಷ್ಟನ್ನು ಮಾಡಿಕೊಂಡಿರುವಾಗ ಪ್ರಭುತ್ವಕ್ಕೆ ಉಳಿದಿರುವ ಕೆಲಸ ಚಿಕ್ಕದು. ಮುಂದಿನ ಎಳ್ಳ ಅಮಾವಾಸ್ಯೆಯಂದು ಚಂದಾಪುರದ ಗುಮಾಸ್ತ ಸುಳ್ಳು ಜ್ವರದ ಅರ್ಜಿ ಬರೆಯದೆ, ಶಹಾಬಾದಿನ ಕಲ್ಲುಗಣಿಯ ಆಳು ಅಂದಿನ ಕೂಲಿ ಬಿಡದೆ, ಇಬ್ಬರೂ ಮಧ್ಯಾಹ್ನದ ಹೊತ್ತಿಗೆ ಹೊಲದ ಬದುವಿನ ಮೇಲೆ ಕೂತು ಉಣ್ಣುವಂತಾದರೆ ಆ ಕೆಲಸ ಆಯಿತೆಂದು ತಿಳಿಯಬಹುದು.